ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ: ಉದ್ಯಮಬಾಗದ ಒಂದು ಗೇರ್‌ಬಾಕ್ಸ್ ಗ್ಯಾರೇಜ್

ಬೆಳಗಾವಿಯಲ್ಲಿ ಆಟೋಮ್ಯಾಟಿಕ್ ಕಾರುಗಳು ಈಗ ಎಷ್ಟೋ ಇವೆ. ಆದರೆ ಗೇರ್‌ಬಾಕ್ಸ್ ಕೆಟ್ಟರೆ ಯಾರ ಹತ್ತಿರ ಹೋಗಬೇಕು ಅಂತ ಕೇಳಿದರೆ ಹೆಚ್ಚಿನವರು ಹುಬ್ಬಳ್ಳಿ, ಪುಣೆ ಅಂತಾರೆ. ನನ್ನ ಗಾಡಿ ರಿಪೇರಿಯಾದದ್ದು ಇಲ್ಲೇ, ಉದ್ಯಮಬಾಗದಲ್ಲಿ. ಕೆಲಸ ಚೆನ್ನಾಗಿದೆ, ದರ ನ್ಯಾಯವಾಗಿದೆ, ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ. ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ಅವರು ಮಾಡಿದ ತಪಾಸಣೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಶಹಾಪುರದಲ್ಲಿ ಸೀರೆ ವ್ಯಾಪಾರ. ಗೋವಾದ ಅಂಗಡಿಗಳಿಗೆ ನಾನೇ ಮಾಲು ತಗೊಂಡು ಹೋಗುತ್ತೇನೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಸಾಂಖಳಿ ಕಡೆ ಹೋಗುವ ದಾರಿ. ಎಡ ಮೊಣಕಾಲಿನ ಆಪರೇಷನ್ ಆದ ಮೇಲೆ ಕ್ಲಚ್ ಪೆಡಲ್ ಒತ್ತುವುದು ನನ್ನಿಂದ ಆಗುವುದಿಲ್ಲ. ಹಾಗಾಗಿ ಆಟೋಮ್ಯಾಟಿಕ್ ನನಗೆ ಶೋಕಿಯ ವಸ್ತುವಲ್ಲ. ಅದು ನಿಂತರೆ ನನ್ನ ವ್ಯಾಪಾರವೂ ನಿಲ್ಲುತ್ತದೆ. ಗಾಡಿ ಡೀಸೆಲ್, ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಬಗೆ. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಗೇರ್ ಆಯಿಲ್ ಯಾವಾಗ ಬದಲಿಸಿದ್ದರು ಅನ್ನುವ ದಾಖಲೆ ಹಳೆಯ ಮಾಲೀಕರ ಹತ್ತಿರವೂ ಇರಲಿಲ್ಲ.

ತೊಂದರೆ ಹೀಗೆ ಶುರುವಾಯಿತು. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಎಲ್ಲ ಸರಿ. ಜಾಂಬೋಟಿ ದಾಟಿ ಎಂಜಿನ್ ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಆರ್‌ಪಿಎಂ ಮುಳ್ಳು ಒಮ್ಮೆಗೇ ಮೇಲೆ ಹಾರುತ್ತಿತ್ತು. ಎಂಜಿನ್ ಕೂಗುತ್ತಿತ್ತು, ಸ್ಪೀಡ್ ಮಾತ್ರ ಏರುತ್ತಿರಲಿಲ್ಲ. ಆಮೇಲೆ ಧಡ್ ಅಂತ ಗೇರ್ ಹಿಡಿಯುತ್ತಿತ್ತು. ರಿವರ್ಸ್ ಹಾಕಿದರೆ ಒಂದೆರಡು ಸೆಕೆಂಡ್ ಏನೂ ಆಗುತ್ತಿರಲಿಲ್ಲ, ಆಮೇಲೆ ಗಾಡಿ ಹಿಂದೆ ಸರಿಯುತ್ತಿತ್ತು. ಕೊನೆಗೆ ಘಾಟ್ ಹತ್ತಿ ವಾಪಸ್ ಬರುವಾಗ ಮೀಟರಿನಲ್ಲಿ ದೀಪ ಹತ್ತಿತು. ಗಾಡಿ ಒಂದೇ ಗೇರಿಗೆ ಅಂಟಿಕೊಂಡಿತು, ಬೇರೆ ಗೇರಿಗೆ ಹೋಗಲೇ ಇಲ್ಲ. ಕಂಪ್ಯೂಟರ್ ತಪ್ಪು ಕಂಡಾಗ ಗೇರ್‌ಬಾಕ್ಸನ್ನು ಉಳಿಸಲು ಹೀಗೆ ಮಾಡುತ್ತದಂತೆ.

ಊರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಮೊದಲು ಹೋದೆ. ಸ್ಕ್ಯಾನರ್ ಹಾಕಿದರು, ಪಿ0733 ಅಂತ ಕೋಡ್ ಬಂತು. ಮೂರನೇ ಗೇರಿನ ಅನುಪಾತ ತಪ್ಪಿದೆ ಅಂತ ಅದರ ಅರ್ಥ. ಅಷ್ಟಕ್ಕೇ ತಪಾಸಣೆ ಮುಗಿಯಿತು. "ಪೂರ್ತಿ ಗೇರ್‌ಬಾಕ್ಸ್ ಅಸೆಂಬ್ಲಿ ಬದಲಿಸಬೇಕು, ಒಳಗೆ ರಿಪೇರಿ ಆಗಲ್ಲ" ಅಂದರು. ಮೂರು ಲಕ್ಷದ ಮೇಲಿನ ಅಂದಾಜು ಕೈಗಿಟ್ಟರು. ಗೇರ್ ಹಿಡಿಯದೆ ಯಾಕೆ ಜಾರುತ್ತಿದೆ ಅಂತ ಕೇಳಿದೆ. ಕೋಡ್ ಬಂದಿದೆಯಲ್ಲ ಮೇಡಂ, ಅಂದರು. ಕೋಡ್ ಹೇಳುವುದು ಏನಾಗುತ್ತಿದೆ ಅಂತ ಮಾತ್ರ. ಯಾಕೆ ಆಗುತ್ತಿದೆ ಅನ್ನುವುದನ್ನು ಮನುಷ್ಯರೇ ಹುಡುಕಬೇಕು. ಬೇರೊಬ್ಬರು ಮೆಷಿನ್ ಹಚ್ಚಿ ಆಯಿಲ್ ಫ್ಲಶ್ ಮಾಡಿಬಿಡೋಣ, ಸರಿಹೋಗುತ್ತೆ ಅಂದರು. ಅದಕ್ಕೂ ನಾನು ಒಪ್ಪಲಿಲ್ಲ.

ಆಮೇಲೆ ನಮ್ಮ ಮಾಲು ಸಾಗಿಸುವ ಡ್ರೈವರ್ ಒಬ್ಬರು ಈ ಗ್ಯಾರೇಜ್ ಹೇಳಿದರು. ತಿಲಕವಾಡಿಯ ಮೂರನೇ ರೈಲ್ವೆ ಗೇಟ್ ದಾಟಿ ಖಾನಾಪುರ ರಸ್ತೆಯಲ್ಲಿ ಹೋದರೆ ಉದ್ಯಮಬಾಗ. ಅಲ್ಲಿಯ ಒಳಗಲ್ಲಿಯೊಂದರಲ್ಲಿ ಎರಡು ಲೇತ್ ಅಂಗಡಿಗಳ ನಡುವೆ ತಗಡಿನ ಶೆಡ್. ಬೋರ್ಡ್ ಇಲ್ಲ. ಮಾಲೀಕರು ಹೆಸರು, ನಂಬರ್ ಹಾಕಬೇಡಿ ಅಂದಿದ್ದಾರೆ, ಇರುವ ಕೆಲಸವೇ ಜಾಸ್ತಿ ಅಂತ. ಅವರ ಮಾತಿಗೆ ಬೆಲೆ ಕೊಟ್ಟು ನಾನೂ ಹಾಕುತ್ತಿಲ್ಲ. ಅಕ್ಕಪಕ್ಕದ ಲೇತ್ ಅಂಗಡಿಗಳಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸ ಎಲ್ಲಿ ಅಂತ ಕೇಳಿದರೆ ದಾರಿ ತೋರಿಸುತ್ತಾರೆ.

ಮಾಲೀಕರಿಗೆ ಅರವತ್ತರ ಆಸುಪಾಸು. ಎಲ್ಲರೂ ಮಾಮಾ ಅಂತಾರೆ, ನಾನೂ ಹಾಗೇ ಕರೆದೆ. ಮೊದಲು ಹೈಡ್ರಾಲಿಕ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಬೆಳಗಾವಿ ಫೌಂಡ್ರಿಗೂ ಹೈಡ್ರಾಲಿಕ್ ಸಾಮಾನಿಗೂ ಹೆಸರಾದ ಊರು, ಗೊತ್ತೇ ಇದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ನಡೆಯುವುದೂ ಆಯಿಲ್ ಒತ್ತಡದ ಆಟವೇ. ಪಂಪ್ ಆಯಿಲನ್ನು ಒತ್ತುತ್ತದೆ. ವಾಲ್ವ್ ಬಾಡಿ ಅದನ್ನು ಬೇಕಾದ ದಾರಿಗೆ ಬಿಡುತ್ತದೆ. ಪಿಸ್ಟನ್ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುತ್ತದೆ. ಆ ಹಿಡಿತ ಸಡಿಲವಾದರೆ ಪ್ಲೇಟ್ ಜಾರುತ್ತದೆ. ಜಾರಿದರೆ ಬಿಸಿ, ಬಿಸಿಯಾದರೆ ಆಯಿಲ್ ಸುಡುತ್ತದೆ, ಆಮೇಲೆ ಇನ್ನೂ ಜಾಸ್ತಿ ಜಾರುತ್ತದೆ.

ಅವರು ಬಾನೆಟ್ ಎತ್ತುವ ಮುಂಚೆ ಕೂರಿಸಿ ಮಾತಾಡಿಸಿದರು. "ಯಾವ ಗೇರಿನ್ಯಾಗ ಆಗ್ತೈತಿ ಅಕ್ಕಾರ? ತಣ್ಣಗಿದ್ದಾಗೂ ಆಗ್ತೈತೋ, ಬಿಸಿ ಆದ ಮ್ಯಾಲೋ? ರಿವರ್ಸ್ ಹೆಂಗ ಹಿಡೀತೈತಿ?" ನಾನು ಹೇಳಿದ್ದನ್ನೆಲ್ಲ ಒಂದು ಹಳೆಯ ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ಸ್ಕ್ಯಾನರ್ ಚುಚ್ಚಿ ನನ್ನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತರು. ಪೀರನವಾಡಿ, ಮಚ್ಛೆ ಕಡೆ ಹೊರಟೆವು. ಗಾಡಿ ಬಿಸಿಯಾಗುವವರೆಗೂ ಅವರು ಏನೂ ಹೇಳಲಿಲ್ಲ, ಪರದೆ ನೋಡುತ್ತಾ ಕೂತಿದ್ದರು.

ಅವರು ನೋಡುತ್ತಿದ್ದದ್ದು ಮೂರು ಅಂಕಿಗಳನ್ನು. ಎಂಜಿನ್ ತಿರುಗುವ ವೇಗ, ಟಾರ್ಕ್ ಕನ್ವರ್ಟರ್ ದಾಟಿ ಗೇರ್‌ಬಾಕ್ಸ್ ಒಳಗೆ ಬರುವ ಟರ್ಬೈನ್ ವೇಗ, ಗೇರ್‌ಬಾಕ್ಸಿನಿಂದ ಹೊರಗೆ ಹೋಗುವ ಔಟ್‌ಪುಟ್ ವೇಗ. ಲಾಕ್‌ಅಪ್, ಅಂದರೆ ಕನ್ವರ್ಟರಿನ ಎರಡೂ ಬದಿಯನ್ನು ಒಂದುಮಾಡುವ ಕ್ಲಚ್, ಹಿಡಿದ ಮೇಲೂ ಎಂಜಿನ್ನಿಗೂ ಟರ್ಬೈನಿಗೂ ಅಂತರ ಉಳಿದರೆ ದೋಷ ಕನ್ವರ್ಟರಿನಲ್ಲಿ. ಟರ್ಬೈನಿಗೂ ಔಟ್‌ಪುಟ್ಟಿಗೂ ಲೆಕ್ಕ ತಪ್ಪಿದರೆ ದೋಷ ಒಳಗಿನ ಕ್ಲಚ್ಚಿನಲ್ಲಿ. ನನ್ನ ಗಾಡಿಯ ಮೂರನೇ ಗೇರಿನಲ್ಲಿ ಟರ್ಬೈನ್ ವೇಗವನ್ನು ಔಟ್‌ಪುಟ್ ವೇಗದಿಂದ ಭಾಗಿಸಿದ ಅನುಪಾತ ಸುಮಾರು 1.8ಕ್ಕೆ ನಿಲ್ಲಬೇಕು. ಗೇರ್ ಅಂದರೆ ಹಲ್ಲಿನ ಲೆಕ್ಕ, ಅದು ಬದಲಾಗುವಂತಿಲ್ಲ. ಪರದೆಯ ಮೇಲೆ ಅದು 2ರ ಮೇಲೆ ಹೋಗಿ ಬಂದು ಮಾಡುತ್ತಿತ್ತು. ನಾಲ್ಕನೇ ಗೇರಿನಲ್ಲಿ ಸ್ಥಿರವಾಗಿತ್ತು. ಐದರಲ್ಲಿ ಮತ್ತೆ ಸ್ವಲ್ಪ ಅಲುಗಾಡಿತು. ಆರರಲ್ಲಿ ಸರಿ.

ವಾಪಸ್ ಬಂದ ಮೇಲೆ ಡೈರಿಯಲ್ಲಿ ಚೌಕ ಹಾಕಿ ತೋರಿಸಿದರು. ಈ ಗೇರ್‌ಬಾಕ್ಸಿನಲ್ಲಿ ಪ್ರತಿ ಗೇರಿಗೂ ಬೇರೆ ಬೇರೆ ಕ್ಲಚ್ ಇಲ್ಲ. ಕೆಲವೇ ಕ್ಲಚ್ಚುಗಳನ್ನು, ಒಳಗಿನ ಭಾಗ ತಿರುಗದಂತೆ ತಡೆಯುವ ಬ್ರೇಕುಗಳನ್ನು ಜೋಡಿ ಜೋಡಿಯಾಗಿ ಹಿಡಿದು ಎಲ್ಲ ಗೇರುಗಳನ್ನೂ ಮಾಡುತ್ತದೆ. ಮೂರು, ಐದು ಮತ್ತು ರಿವರ್ಸ್ ಈ ಮೂರಕ್ಕೂ ಒಂದೇ ಕ್ಲಚ್ ಬೇಕು. ನನ್ನ ಗಾಡಿ ಜಾರುತ್ತಿದ್ದದ್ದೂ ಸರಿಯಾಗಿ ಆ ಮೂರರಲ್ಲೇ! "ಉಳಿದ ಕ್ಲಚ್ ಎಲ್ಲಾ ಜೀವಂತ ಅದಾವ್ರೀ. ಒಂದ ಹೋಗೇತಿ. ಅದಕ್ಕ ಪೂರಾ ಪೆಟ್ಟಿಗಿ ಯಾಕ ಒಗೀಬೇಕು?" ಅಂದರು. ಇನ್ನೂ ಒಂದು ಬೋಲ್ಟ್ ಬಿಚ್ಚಿರಲಿಲ್ಲ. ಎರಡು ಕಡೆ ತಿರುಗಿ ಬಂದ ಮೇಲೆ ನನಗೆ ಮೊದಲ ಬಾರಿ ಒಂದು ಕಾರಣ ಸಿಕ್ಕಿತ್ತು. ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ಆದರೂ ಅವರು ಬಿಚ್ಚಲು ಅವಸರ ಮಾಡಲಿಲ್ಲ. ಜಾರುವುದಕ್ಕೆ ಸುಲಭದ ಕಾರಣ ಆಯಿಲ್ ಕಡಿಮೆ ಇರುವುದು, ಅದನ್ನು ಮೊದಲು ನೋಡಬೇಕು ಅಂದರು. ನನ್ನ ಗಾಡಿಯ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಗಾಡಿಯನ್ನು ಲಿಫ್ಟ್ ಮೇಲೆ ಸಮತಟ್ಟಾಗಿ ಏರಿಸಿ, ಎಂಜಿನ್ ಚಾಲೂ ಇಟ್ಟು, ಆಯಿಲ್ ಬಿಸಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಇರುವಾಗ ಲೆವೆಲ್ ಪ್ಲಗ್ ಬಿಚ್ಚಬೇಕು. ಸಣ್ಣ ಧಾರೆ ಬಂದರೆ ಮಟ್ಟ ಸರಿ. ತಣ್ಣಗಿರುವಾಗ ನೋಡಿದರೆ ಲೆಕ್ಕ ತಪ್ಪುತ್ತದೆ, ಆಯಿಲ್ ಬಿಸಿಯಾದಾಗ ಹಿಗ್ಗುತ್ತದಲ್ಲ. ಮಟ್ಟ ಸರಿಯಿತ್ತು. ಆದರೆ ಕೆಂಪಗಿರಬೇಕಾದ ಆಯಿಲ್ ಕಡು ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನಯವಾದ ಪುಡಿ ಹತ್ತಿತ್ತು. ಅದು ಇದ್ದೇ ಇರುತ್ತದೆ, ಭಯವಿಲ್ಲ. ಕೈಗೆ ಚುಚ್ಚುವ ಲೋಹದ ಚೂರು ಇದ್ದರೆ ಬೇರಿಂಗು, ಗೇರುಗಳಿಗೂ ಪೆಟ್ಟಾಗಿರಬಹುದು. ಅಂಥದ್ದು ಸಿಗಲಿಲ್ಲ.

ಸ್ಟಾಲ್ ಟೆಸ್ಟ್ ಬಗ್ಗೆ ನಾನು ಓದಿದ್ದೆ. ಬ್ರೇಕ್ ಪೂರ್ತಿ ಒತ್ತಿ, ಗೇರ್ ಹಾಕಿ, ಆಕ್ಸಿಲರೇಟರ್ ತುಳಿದು ಎಂಜಿನ್ ಎಷ್ಟು ಆರ್‌ಪಿಎಂಗೆ ನಿಲ್ಲುತ್ತದೆ ಅಂತ ನೋಡುವುದು. ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಹೋದರೆ ಕ್ಲಚ್ ಜಾರುತ್ತಿದೆ. ಕಡಿಮೆ ಬಂದರೆ ಎಂಜಿನ್ ಸೋತಿದೆ, ಇಲ್ಲವೇ ಕನ್ವರ್ಟರ್ ಒಳಗೆ ದೋಷ. ಅದನ್ನೂ ಮಾಡಿ ನೋಡಿ ಅಂದೆ. ಮಾಮಾ ಒಪ್ಪಲಿಲ್ಲ. ಜಾರುವುದು ಪರದೆಯಲ್ಲೇ ಕಂಡಾಯಿತು, ಐದು ಸೆಕೆಂಡ್ ಆದರೂ ಅಷ್ಟು ಜೋರು ಕೊಟ್ಟು ಉಳಿದದ್ದನ್ನೂ ಯಾಕೆ ಸುಡಬೇಕು ಅಂದರು. ಅವರ ಮಾತು ಸರಿ. ಮನೆಯಲ್ಲಿ ಯಾರೂ ಈ ಟೆಸ್ಟ್ ಮಾಡಬೇಡಿ, ಗಾಡಿ ಮುಂದೆ ನುಗ್ಗಿದರೆ ಅಪಾಯ.

ಅದರ ಬದಲು ಪ್ರೆಶರ್ ಗೇಜ್ ಕಟ್ಟಿ ಪಂಪಿನ ಒತ್ತಡ ಅಳೆದರು, ಸರಿಯಿತ್ತು. ಸೊಲೆನಾಯ್ಡುಗಳ, ಅಂದರೆ ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ವಾಲ್ವುಗಳ, ಓಮ್ ಅಳೆದರು, ಅವೂ ಸರಿ. ಆಮೇಲೆ ವಾಲ್ವ್ ಬಾಡಿ ತೆಗೆದು ಒಂದೊಂದು ಕ್ಲಚ್ಚಿನ ಆಯಿಲ್ ದಾರಿಗೂ ಕಂಪ್ರೆಸರ್ ಗಾಳಿ ಬಿಟ್ಟರು. ಇದನ್ನು ನನ್ನನ್ನು ಕರೆದು ಕೇಳಿಸಿದರು. ಒಳ್ಳೆಯ ಕ್ಲಚ್ಚಿಗೆ ಗಾಳಿ ಬಿಟ್ಟಾಗ ಒಳಗೆ ಪಿಸ್ಟನ್ ಸರಿದು ಠಕ್ ಅಂತ ಬಡಿಯುತ್ತದೆ. ಮೂರು-ಐದು-ರಿವರ್ಸ್ ಕ್ಲಚ್ಚಿಗೆ ಬಿಟ್ಟಾಗ ಠಕ್ ಅನ್ನುವುದು ಬಹಳ ಮೆತ್ತಗೆ ಕೇಳಿಸಿತು, ಅದರ ಹಿಂದೆ ಸುಸ್ ಅಂತ ಗಾಳಿ ಸೋರುವ ಸದ್ದು. ಎಲ್ಲಿ ಸೋರುತ್ತಿದೆ ಅಂತ ಕಿವಿಯಲ್ಲೇ ತಿಳಿಯಿತು. ಆಮೇಲೆಯೇ ಗೇರ್‌ಬಾಕ್ಸ್ ಇಳಿಸಲು ನನ್ನ ಒಪ್ಪಿಗೆ ಕೇಳಿದರು.

ಬಿಚ್ಚಿದ ದಿನ ನನ್ನನ್ನು ಕರೆಸಿದ್ದರು. ಆ ಕ್ಲಚ್ಚಿನ ಫ್ರಿಕ್ಷನ್ ಪ್ಲೇಟುಗಳ ಮೇಲಿನ ಪದರ ಬಹುತೇಕ ಹೋಗಿತ್ತು. ನಡುವಿನ ಸ್ಟೀಲ್ ಪ್ಲೇಟುಗಳಲ್ಲಿ ನೀಲಿ-ಕಪ್ಪು ಕಲೆಗಳು. ಅಷ್ಟು ಬಿಸಿಯಾಗಿದ್ದವು. ಪಿಸ್ಟನ್ನಿನ ರಬ್ಬರ್ ಅಂಚನ್ನು ಉಗುರಿನಿಂದ ಒತ್ತಿ ತೋರಿಸಿದರು, ಹಳೆಯ ಬಳೆಯ ಹಾಗೆ ಗಟ್ಟಿಯಾಗಿತ್ತು. ರಬ್ಬರ್ ಗಟ್ಟಿಯಾಗಿ ಆಯಿಲ್ ಸೋರಿದೆ. ಬಿಸಿಯಾದಾಗ ಆಯಿಲ್ ತೆಳುವಾಗಿ ಸೋರಿಕೆ ಇನ್ನೂ ಜಾಸ್ತಿ. ಅದಕ್ಕೇ ಬೆಳಿಗ್ಗೆ ಸರಿಯಿದ್ದು ಜಾಂಬೋಟಿ ದಾಟಿದ ಮೇಲೆ ಜಾರುತ್ತಿತ್ತು. "ಬರೇ ಪ್ಲೇಟ್ ಹಾಕಿ ಕಳಿಸಿದ್ರ ಮತ್ತ ಅದ ಪ್ಲೇಟ್ ಸುಡ್ತಾವ್ರೀ. ಸುಟ್ಟಿದ್ದು ಪ್ಲೇಟು, ಸುಡಿಸಿದ್ದು ರಬ್ಬರು" ಅಂದರು. ಪಿಸ್ಟನ್, ಶಾಫ್ಟ್ ಮೇಲಿನ ಸೀಲ್ ರಿಂಗುಗಳು ಎಲ್ಲವನ್ನೂ ಬದಲಿಸಿದರು. ಉಳಿದ ಕ್ಲಚ್ಚುಗಳ ರಬ್ಬರಿಗೂ ಅಷ್ಟೇ ವಯಸ್ಸಾಗಿದೆ, ಪೆಟ್ಟಿಗೆ ಬಿಚ್ಚಿದ ಮೇಲೆ ಅವನ್ನೂ ಹಾಕಿಬಿಡುವುದು ಒಳ್ಳೆಯದು ಅಂದರು. ಆದರೆ ಅವುಗಳ ಪ್ಲೇಟುಗಳನ್ನು ಮೈಕ್ರೋಮೀಟರಿನಿಂದ ಅಳೆದು, ದಪ್ಪ ಸರಿ ಇದ್ದವನ್ನು ಹಾಗೇ ಬಿಟ್ಟರು. ಬೇಡದ ಸಾಮಾನು ಬಿಲ್ಲಿಗೆ ಸೇರಲಿಲ್ಲ.

ಕೆಲಸದ ಜಾಗ ನೋಡಿ ನನಗೆ ಆಶ್ಚರ್ಯವಾಯಿತು. ಹೊರಗಿನ ಶೆಡ್ಡಿನಲ್ಲಿ ಎಲ್ಲ ಗ್ಯಾರೇಜಿನಂತೆ ಗ್ರೀಸು, ಕಪ್ಪು ನೆಲ. ಗೇರ್‌ಬಾಕ್ಸ್ ಬಿಚ್ಚುವ ಒಳಕೋಣೆಯಲ್ಲಿ ಮಾತ್ರ ಸ್ಟೀಲ್ ಮೇಜು, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟ ಟ್ರೇಗಳು. ಗ್ಯಾರೇಜಿನಲ್ಲಿ ಕೈ ಒರೆಸುವ ಹತ್ತಿ ವೇಸ್ಟ್ ಅಲ್ಲಿಗೆ ತರುವಂತಿಲ್ಲ. ಅದರ ಒಂದು ಎಳೆ ವಾಲ್ವ್ ಬಾಡಿಯ ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡರೂ ವಾಲ್ವ್ ಅಂಟಿಬಿಡುತ್ತದೆ. ಹೊಸ ಪ್ಲೇಟುಗಳನ್ನು ಹೊಸ ಆಯಿಲಿನಲ್ಲಿ ನೆನೆಸಿಟ್ಟಿದ್ದರು, ಒಣಗಿದ್ದನ್ನು ಹಾಕಿದರೆ ಮೊದಲ ಹಿಡಿತಕ್ಕೇ ಸುಡುತ್ತವೆ. ಜೋಡಿಸಿದ ಮೇಲೆ ಪ್ಲೇಟುಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದರು. ಸಂದು ಜಾಸ್ತಿಯಾದರೆ ಗೇರ್ ತಡವಾಗಿ ಹಿಡಿಯುತ್ತದೆ, ಕಡಿಮೆಯಾದರೆ ಪ್ಲೇಟ್ ಸದಾ ಉಜ್ಜುತ್ತದೆ. ಬೇರೆ ದಪ್ಪದ ಲಾಕ್ ರಿಂಗ್ ಹಾಕಿ ಸಂದನ್ನು ಸರಿಮಾಡಿದರು.

ತಡವಾದದ್ದು ಟಾರ್ಕ್ ಕನ್ವರ್ಟರಿನಿಂದ. ಸುಟ್ಟ ಪ್ಲೇಟಿನ ಪುಡಿ ಅದರೊಳಗೂ ಹೋಗಿರುತ್ತದೆ, ಹೊರಗಿನಿಂದ ತೊಳೆದರೆ ಹೋಗುವುದಿಲ್ಲ. ಅದನ್ನು ಲೇತಿನಲ್ಲಿ ಕತ್ತರಿಸಿ ತೆರೆದು, ಲಾಕ್‌ಅಪ್ ಪದರ ಬದಲಿಸಿ, ಮತ್ತೆ ವೆಲ್ಡ್ ಮಾಡಿ, ಬ್ಯಾಲೆನ್ಸ್ ಮಾಡಬೇಕು. ಕತ್ತರಿಸುವುದು, ವೆಲ್ಡಿಂಗ್ ಉದ್ಯಮಬಾಗದಲ್ಲೇ ಆಗುತ್ತದೆ. ಬ್ಯಾಲೆನ್ಸ್ ಸಲುವಾಗಿ ಪುಣೆಗೆ ಕಳಿಸಿದರು, ಅಲ್ಲಿ ಸರತಿ. ಇದು ಈ ಗ್ಯಾರೇಜಿನ ದೊಡ್ಡ ಕೊರತೆ. ತಡವಾಗುತ್ತದೆ ಅಂತ ಅವರು ತಾವಾಗಿ ಫೋನ್ ಮಾಡಿ ತಿಳಿಸಲಿಲ್ಲ, ನಾನೇ ಫೋನ್ ಮಾಡಿ ಕೇಳಬೇಕಾಯಿತು. ಅದೂ ಕೆಲಸದ ಹೊತ್ತಿನಲ್ಲಿ ಮಾಮಾ ಫೋನ್ ಎತ್ತುವುದಿಲ್ಲ. ಆ ದಿನಗಳಲ್ಲಿ ನನ್ನ ಅಣ್ಣನ ಮಗ ತನ್ನ ಗಾಡಿಯಲ್ಲಿ ಮಾಲು ಮುಟ್ಟಿಸಿದ. ಅವನಿಲ್ಲದಿದ್ದರೆ ಹಬ್ಬದ ಆರ್ಡರ್ ಕೈತಪ್ಪುತ್ತಿತ್ತು. ಇಷ್ಟು ಒಳ್ಳೆಯ ಕೆಲಸಗಾರರು ಗಿರಾಕಿಗೆ ಒಂದು ಮೆಸೇಜ್ ಹಾಕುವ ಹುಡುಗನನ್ನು ಇಟ್ಟುಕೊಳ್ಳಬೇಕು. ಇದನ್ನು ಅವರಿಗೂ ನೇರವಾಗಿ ಹೇಳಿದ್ದೇನೆ. ಕೂರಲು ಜಾಗ ಅಂದರೆ ಹೊರಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಹೆಂಗಸರಿಗೆ ಶೌಚಾಲಯದ ವ್ಯವಸ್ಥೆ ಇಲ್ಲ.

ಜೋಡಿಸುವ ಮುಂಚೆ ಆಯಿಲ್ ಕೂಲರನ್ನೂ ಅದರ ಪೈಪುಗಳನ್ನೂ ತೊಳೆದರು. ಇದನ್ನು ಬಿಟ್ಟರೆ ಅಲ್ಲಿ ಕೂತ ಹಳೆಯ ಪುಡಿ ಹೊಸ ಪೆಟ್ಟಿಗೆಗೆ ವಾಪಸ್ ಬರುತ್ತದೆ. ಭಾರ ಹೊತ್ತು ಘಾಟ್ ಹತ್ತುವ ಗಾಡಿ ಅಂತ ಇನ್ನೊಂದು ಸಣ್ಣ ಕೂಲರ್ ಹಾಕಿಸಲು ಹೇಳಿದರು, ಹಾಕಿಸಿದೆ. ಕಂಪನಿ ಹೇಳಿದ ಗ್ರೇಡಿನ ಆಯಿಲ್ ಡಬ್ಬಿಗಳನ್ನು ಸೀಲ್ ಒಡೆಯುವ ಮುಂಚೆ ನನಗೆ ತೋರಿಸಿದರು. ಕೊನೆಗೆ ಸ್ಕ್ಯಾನರಿನಿಂದ ಗೇರ್‌ಬಾಕ್ಸ್ ಕಂಪ್ಯೂಟರಿನ ಹಳೆಯ ಕಲಿಕೆ ಅಳಿಸಿದರು. ಸವೆದ ಕ್ಲಚ್ಚಿಗೆ ತಕ್ಕಂತೆ ಒತ್ತಡ ಕೊಡಲು ಅದು ಕಲಿತಿರುತ್ತದೆ, ಹೊಸ ಕ್ಲಚ್ಚಿಗೆ ಆ ಲೆಕ್ಕ ಹೊಂದುವುದಿಲ್ಲ. ಮೊದಮೊದಲು ಗೇರ್ ಸ್ವಲ್ಪ ಒರಟಾಗಿ ಬಿದ್ದವು. ಮೆಲ್ಲಗೆ ಓಡಿಸುತ್ತಾ ಹೋದ ಹಾಗೆ ನಯವಾಯಿತು.

ಬಿಲ್ 86,000 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ, ಎಲ್ಲ ಸಾಮಾನಿನ ಪಟ್ಟಿಯೊಂದಿಗೆ. ತಪಾಸಣೆಗೆ ಮೊದಲು 1,500 ತಗೊಂಡಿದ್ದರು, ಅದನ್ನು ಬಿಲ್ಲಿನಲ್ಲಿ ಕಳೆದರು. ತೆಗೆದ ಹಳೆಯ ಸಾಮಾನನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಕೊಟ್ಟರು. ಆರು ತಿಂಗಳ ಗ್ಯಾರಂಟಿ, ಬಿಲ್ಲಿನ ಹಿಂದೆ ಬರೆದು ಸಹಿ ಮಾಡಿದ್ದಾರೆ. ಅಂದಾಜನ್ನು ಮಾತ್ರ ಮೊದಲು ಬಾಯಲ್ಲೇ ಹೇಳಿದ್ದರು. ನಾನು ಕೇಳಿದ ಮೇಲೆ ಬರೆದುಕೊಟ್ಟರು. ನೀವೂ ಕೇಳಿ ಬರೆಸಿಕೊಳ್ಳಿ.

ಈಗ ತುಂಬಿದ ಗಾಡಿಯಲ್ಲಿ ಚೋರ್ಲಾ ಹತ್ತಿದರೂ ಮೂರನೇ ಗೇರ್ ಗಟ್ಟಿಯಾಗಿ ಹಿಡಿಯುತ್ತದೆ. ರಿವರ್ಸ್ ಹಾಕಿದ ಕೂಡಲೇ ಗಾಡಿ ಸರಿಯುತ್ತದೆ. ನನ್ನ ಕೆಲಸ ನನ್ನ ಕೈಗೆ ವಾಪಸ್ ಬಂದಿದೆ.

ಹೋಗುವವರಿಗೆ ಒಂದಿಷ್ಟು ಮಾತು. ಇವರು ಟಾರ್ಕ್ ಕನ್ವರ್ಟರ್ ಪೆಟ್ಟಿಗೆಗಳನ್ನು ಮಾತ್ರ ಮುಟ್ಟುತ್ತಾರೆ. ಸಿವಿಟಿ, ಡ್ಯುಯಲ್ ಕ್ಲಚ್ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ ಬಂದರೆ ವಾಪಸ್ ಕಳಿಸುತ್ತಾರೆ. ನಿಮ್ಮದು ಎಎಂಟಿ ಆಗಿದ್ದರೆ, ಅಂದರೆ 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮಲ್ಲಿಗೆ ಬಂದ ಆ ಬಗೆ, ಅದರೊಳಗೆ ಇರುವುದು ಕೈಯಿಂದ ಗೇರ್ ಹಾಕುವ ಗಾಡಿಯದೇ ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು. ಅದು ಜಾರಿದರೆ ಹೆಚ್ಚಾಗಿ ಕ್ಲಚ್ ಸೆಟ್ ಬದಲಿಸಿದರೆ ಸಾಕು. ಗೇರ್‌ಬಾಕ್ಸ್ ಹೋಗಿದೆ ಅಂತ ಯಾರಾದರೂ ಹೇಳಿದರೆ ಇನ್ನೊಂದು ಕಡೆ ತೋರಿಸದೆ ಒಪ್ಪಬೇಡಿ. ಮ್ಯಾನ್ಯುವಲ್ ಪುಸ್ತಕದಲ್ಲಿ ಕಠಿಣ ಬಳಕೆಯ ಕಾಲಂ ಬೇರೆ ಇದ್ದರೆ ಅದನ್ನೇ ನೋಡಿ ಆಯಿಲ್ ಬದಲಿಸಿ. ಘಾಟು, ಭಾರ, ನಿಂತು ನಿಂತು ಹೋಗುವ ಟ್ರಾಫಿಕ್ಕು ಇದ್ದವರಿಗೆ ಅನ್ವಯಿಸುವುದು ಅದೇ. ಜಾರುವ ಗಾಡಿಗೆ ಫ್ಲಶ್ ಮಾಡಿಸಿದರೆ ಸವೆದ ಪದರ ಮರಳಿ ಬರುವುದಿಲ್ಲ, ಕೂತ ಪುಡಿ ಎದ್ದು ವಾಲ್ವ್ ಬಾಡಿಗೆ ಹೋಗುವ ಸಾಧ್ಯತೆ ಬೇರೆ. ಹೋಗುವ ಮುಂಚೆ ಯಾವ ಗೇರಿನಲ್ಲಿ, ತಣ್ಣಗೋ ಬಿಸಿಯೋ, ಏರಿನಲ್ಲೋ ಸಮತಟ್ಟಿನಲ್ಲೋ ಅಂತ ಬರೆದುಕೊಂಡು ಹೋಗಿ. ಮಾಮಾ ಮೊದಲು ಕೇಳುವುದೇ ಅದನ್ನು.

ಗಾಡಿ ತೀರಾ ಜಾರುತ್ತಿದ್ದರೆ ಓಡಿಸಿಕೊಂಡು ಹೋಗಬೇಡಿ, ಹಗ್ಗ ಕಟ್ಟಿ ಎಳೆಸಲೂ ಬೇಡಿ. ಎಂಜಿನ್ ನಿಂತಿದ್ದರೆ ಪಂಪ್ ತಿರುಗುವುದಿಲ್ಲ, ಗಾಲಿ ಮಾತ್ರ ತಿರುಗಿ ಒಳಗೆಲ್ಲ ಆಯಿಲ್ ಇಲ್ಲದೆ ಉಜ್ಜುತ್ತದೆ. ನಾಲ್ಕೂ ಗಾಲಿ ಮೇಲೇರುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ. ಗ್ಯಾರೇಜಿನ ಗಲ್ಲಿ ಇಕ್ಕಟ್ಟು, ದೊಡ್ಡ ಫ್ಲಾಟ್‌ಬೆಡ್ ಒಳಗೆ ತಿರುಗುವುದಿಲ್ಲ. ಖಾನಾಪುರ ರಸ್ತೆಯಲ್ಲೇ ಇಳಿಸಿಕೊಂಡರೆ ಅಲ್ಲಿಂದ ಹುಡುಗರು ಬಂದು ತಳ್ಳಿಕೊಂಡು ಹೋಗುತ್ತಾರೆ.